ಕೊಲೊನೋಸ್ಕೋಪಿಗೆ ಕರುಳು ಸ್ವಚ್ಛವಾಗಿ ಬರಬೇಕಾದರೆ ಚೀಟಿಯಲ್ಲಿ ಏನೇನು ಬರೆಯಬೇಕು?

ಎಂಡೋಸ್ಕೋಪಿ ಸಿಸ್ಟರ್, ದಾವಣಗೆರೆ
ಕೊಲೊನೋಸ್ಕೋಪಿಗೆ, ಅಂದರೆ ಸ್ಕೋಪ್ ಎನ್ನುವ ಕ್ಯಾಮೆರಾ ನಾಳ ಹಾಕಿ ದೊಡ್ಡಕರುಳು ನೋಡುವ ಪರೀಕ್ಷೆಗೆ, ಬರುವವರಿಗೆ ಕೊಡುವ ಚೀಟಿಯನ್ನು ಹೊಸದಾಗಿ ಬರೆಯಬೇಕಿದೆ. ಈ ಭಾಗದಲ್ಲಿ ಓಡಾಡುತ್ತಿರುವ ಚೀಟಿಗಳಲ್ಲಿ ಹೆಚ್ಚಿನವು ಮೂರೇ ಸಾಲಿನವು: ‘ಹಿಂದಿನ ದಿನ ಲಘು ಆಹಾರ. ರಾತ್ರಿ ಪುಡಿಯನ್ನು ನೀರಿಗೆ ಕಲಸಿ ಕುಡಿಯಿರಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ.’ ಮೂರೂ ಸಾಲು ತೊಂದರೆಯವೇ. ಲಘು ಆಹಾರ ಅಂತ ಮಂದಿ ಹಣ್ಣು ತಿಂದು ಬರುತ್ತಾರೆ. ಎಷ್ಟು ನೀರು ಅಂತ ಬರೆದಿಲ್ಲದ್ದಕ್ಕೆ ಒಂದೇ ಲೋಟಕ್ಕೆ ಇಡೀ ಪ್ಯಾಕೆಟ್ ಸುರಿಯುವವರಿದ್ದಾರೆ. ಖಾಲಿ ಹೊಟ್ಟೆ ಅಂತ ಓದಿದವರು ಬೆಳಗ್ಗೆ ಒಂದು ಗುಟುಕು ನೀರನ್ನೂ ಮುಟ್ಟುವುದಿಲ್ಲ. ಕೊನೆಗೆ ಸ್ಕೋಪ್ ಹಾಕಿದಾಗ ಕಂದು ನೀರು, ಸೊಪ್ಪಿನ ಚೂರು, ಟೊಮ್ಯಾಟೊ ಬೀಜ. ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರಕೊಂಡು ಬಂದವರನ್ನು ‘ಇನ್ನೊಮ್ಮೆ ಬನ್ನಿ’ ಅಂತ ಕಳಿಸುವುದು ಸಂಕಟದ ಕೆಲಸ. ನಿಮ್ಮ ನಿಮ್ಮ ಕೆಲಸದ ಕಡೆಯಿಂದ ಏನು ಬದಲಾಯಿಸಬೇಕು, ಅಳತೆ, ಗಂಟೆ ಸಮೇತ ಹೇಳಿ.

ಗ್ಯಾಸ್ಟ್ರೋ ಡಾಕ್ಟರ್, ದಾವಣಗೆರೆ
ಸಿಸ್ಟರ್, ಮೊದಲು ಸರಿಪಡಿಸಬೇಕಾದ್ದು ಗಂಟೆ. ಊಟದ ಪಟ್ಟಿ ಆಮೇಲೆ.

ಕರುಳು ತೊಳೆಯುವ ಔಷಧಿಯನ್ನು ಪೂರ್ತಿ ಹಿಂದಿನ ರಾತ್ರಿಯೇ ಕುಡಿಸಿದರೆ ಮಲಗುವ ಹೊತ್ತಿಗೆ ಕರುಳು ಸ್ವಚ್ಛವಾಗಿರುತ್ತದೆ, ನಿಜ. ಆದರೆ ಸಣ್ಣಕರುಳು ಸುಮ್ಮನಿರುವುದಿಲ್ಲ. ಪಿತ್ತ, ಲೋಳೆ ಬೆರೆತ ದ್ರವವನ್ನು ರಾತ್ರಿಯಿಡೀ ದೊಡ್ಡಕರುಳಿನ ಮೊದಲ ಭಾಗಕ್ಕೆ ಇಳಿಸುತ್ತಲೇ ಇರುತ್ತದೆ. ಬೆಳಗ್ಗೆ ಹತ್ತಕ್ಕೆ ನೋಡಿದರೆ ಎಡಭಾಗ ಚೆನ್ನಾಗಿರುತ್ತದೆ, ಬಲಭಾಗದ ಗೋಡೆಗೆ ಮಾತ್ರ ಹಳದಿ ಲೋಳೆ ಸುಣ್ಣ ಬಳಿದ ಹಾಗೆ ಅಂಟಿಕೊಂಡಿರುತ್ತದೆ. ಸೆಸೈಲ್ ಸೆರೇಟೆಡ್ ಎನ್ನುವ ಚಪ್ಪಟೆ ಗಂಟುಗಳು ಹೆಚ್ಚಾಗಿ ಹುಟ್ಟುವುದು ಅದೇ ಬಲಭಾಗದಲ್ಲಿ. ಅವು ಗೋಡೆಯಿಂದ ಹೆಚ್ಚು ಎದ್ದಿರುವುದಿಲ್ಲ, ತಮ್ಮ ಮೇಲೂ ಲೋಳೆ ಹೊದ್ದುಕೊಂಡಿರುತ್ತವೆ. ತೊಳೆಯದ ಗೋಡೆಯಲ್ಲಿ ಅವನ್ನು ಕಾಣುವುದು ಕಷ್ಟ.

ಅದಕ್ಕೇ ಎರಡು ಪಾಲು ಮಾಡುವುದು. ಅರ್ಧ ಹಿಂದಿನ ಸಂಜೆ. ಇನ್ನರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಶುರು ಮಾಡಿ, ಕನಿಷ್ಠ 2 ಗಂಟೆ ಮೊದಲು ಮುಗಿಸುವುದು. ಯುರೋಪಿನ ಎಂಡೋಸ್ಕೋಪಿ ಸಂಘದ 2019ರ ಮಾರ್ಗಸೂಚಿಯಲ್ಲಿ ಎರಡನೇ ಪಾಲನ್ನು ಪರೀಕ್ಷೆಗೆ ಮುಂಚಿನ 5 ತಾಸಿನೊಳಗೆ ಶುರು ಮಾಡಿ ಎಂದಿದೆ. ಮಧ್ಯಾಹ್ನದ ನಂತರದ ಪರೀಕ್ಷೆಯಾದರೆ ಎರಡೂ ಪಾಲನ್ನು ಅದೇ ದಿನ ಬೆಳಗ್ಗೆ ಕೊಡಬಹುದು, ಅದೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ.

‘ಬೆಳಗ್ಗೆ’ ಅಂತ ಬರೆದರೆ ಸಾಲದು. ರೋಗಿಯ ಸರದಿ ಎಷ್ಟು ಗಂಟೆಗೆ ಅಂತ ನೋಡಿ, ಅಲ್ಲಿಂದ ಹಿಂದಕ್ಕೆ ಎಣಿಸಿ, ಪೆನ್ನಿನಲ್ಲಿ ಗಂಟೆ ತುಂಬಿ ಕೊಡಬೇಕು.

ಫಾರ್ಮಸಿಸ್ಟ್, ಹರಿಹರ
ಅಳತೆಯ ವಿಷಯ ನಾನು ಹೇಳುತ್ತೇನೆ.

ನಮ್ಮ ಕಡೆ ಹೆಚ್ಚು ಹೋಗುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ, ಪೆಗ್ ಅನ್ನುತ್ತೇವೆ. ಪ್ಯಾಕೆಟ್ 137.15 ಗ್ರಾಂ, ಅದಕ್ಕೆ ನೀರು 2 ಲೀಟರ್. ಈ ಪ್ರಮಾಣ ಸುಮ್ಮನೆ ಇಟ್ಟದ್ದಲ್ಲ. ಅಷ್ಟು ನೀರಿನಲ್ಲಿ ಕರಗಿದಾಗ ದ್ರಾವಣದ ಸಾಂದ್ರತೆ ರಕ್ತಕ್ಕೆ ಹೆಚ್ಚುಕಡಿಮೆ ಸಮನಾಗುತ್ತದೆ. ಮೈಯಿಂದ ನೀರನ್ನು ಎಳೆಯುವುದಿಲ್ಲ, ಮೈಗೆ ನೀರು ಸೇರುವುದೂ ಇಲ್ಲ, ಕುಡಿದದ್ದು ಹಾಗೇ ಕರುಳು ತೊಳೆದುಕೊಂಡು ಹೊರಗೆ ಬರುತ್ತದೆ. ಹೃದಯ, ಕಿಡ್ನಿ ದುರ್ಬಲ ಇರುವವರಿಗೆ ಪೆಗ್ ಬರೆಯುವುದು ಇದೇ ಕಾರಣಕ್ಕೆ. ಒಂದು ಲೋಟಕ್ಕೆ ಸುರಿದರೆ ಈ ಗುಣವೇ ಹೋಯಿತು. ಗಟ್ಟಿ ದ್ರಾವಣ ಮೈಯ ನೀರನ್ನೇ ಎಳೆಯುತ್ತದೆ, ವಾಂತಿ ಬರುತ್ತದೆ, ಕರುಳು ತೊಳೆಯುವಷ್ಟು ನೀರೂ ಇರುವುದಿಲ್ಲ.

ಮನೆಯಲ್ಲಿ ಅಳೆಯಲು ಸುಲಭ ದಾರಿ: 1 ಲೀಟರಿನ ಎರಡು ನೀರಿನ ಬಾಟಲಿ. ಎರಡನ್ನೂ ಒಂದು ಸ್ಟೀಲ್ ಪಾತ್ರೆಗೆ ಸುರಿದು, ಪ್ಯಾಕೆಟ್ ಪೂರ್ತಿ ಹಾಕಿ, ತಿಳಿಯಾಗುವವರೆಗೆ ಕಲಸಿ, ಮತ್ತೆ ಅದೇ ಬಾಟಲಿಗಳಿಗೆ ತುಂಬುವುದು. ಒಂದು ಬಾಟಲಿ ಸಂಜೆಗೆ, ಒಂದು ಬೆಳಗ್ಗೆಗೆ. ಪ್ಯಾಕೆಟ್ಟಿನ ಅರ್ಧ ಪುಡಿ ಕಣ್ಣಂದಾಜಿನಲ್ಲಿ ತೆಗೆದಿಟ್ಟುಕೊಳ್ಳುವುದು ಬೇಡ, ಲವಣಗಳು ಸಮನಾಗಿ ಹಂಚಿಕೆಯಾಗುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಬೋರಿನ ನೀರು ಉಪ್ಪು, ಫ್ಲೋರೈಡ್ ಬೇರೆ. ಪುಡಿಗೇ ಉಪ್ಪಿನ ರುಚಿ ಇರುತ್ತದೆ, ಉಪ್ಪು ನೀರು ಸೇರಿದರೆ ಕುಡಿಯಲು ಆಗುವುದಿಲ್ಲ. ಶುದ್ಧ ನೀರಿನ ಘಟಕದ ನೀರು ತರಲು ಹೇಳಿ.

ಪೆಗ್ ಬದಲು ಸಲ್ಫೇಟ್ ಲವಣಗಳ ದ್ರಾವಣದ ಬಾಟಲಿ ಬರೆದಿದ್ದರೆ ಲೆಕ್ಕ ಬೇರೆ. ಸುಮಾರು 177 ಮಿ.ಲೀ. ಬಾಟಲಿಯನ್ನು ನೀರು ಸೇರಿಸಿ 480 ಮಿ.ಲೀ. ಮಾಡಿ ಕುಡಿದು, ಮುಂದಿನ ಒಂದು ಗಂಟೆಯಲ್ಲಿ ಇನ್ನೂ ಸುಮಾರು 960 ಮಿ.ಲೀ. ನೀರು ಕುಡಿಯಲೇಬೇಕು. ಆ ನೀರು ಬಿಟ್ಟರೆ ತಲೆಸುತ್ತು ಗ್ಯಾರಂಟಿ.

ಚಿಕ್ಕ 45 ಮಿ.ಲೀ. ಸೋಡಿಯಂ ಫಾಸ್ಫೇಟ್ ಬಾಟಲಿಯನ್ನು ‘ಕುಡಿಯೋದು ಕಡಿಮೆ, ಅದನ್ನೇ ಕೊಡಿ’ ಅಂತ ಕೇಳುವವರು ಬಹಳ. ಫಾಸ್ಫೇಟ್ ಹರಳುಗಳು ಕಿಡ್ನಿಯ ನಾಳಗಳಲ್ಲಿ ಕೂತು ಶಾಶ್ವತ ಹಾನಿ ಮಾಡಬಲ್ಲವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇದರ ಬಗ್ಗೆ ಕಟುವಾಗಿ ಎಚ್ಚರಿಸಿದೆ. ವಯಸ್ಸಾದವರು, ಕಿಡ್ನಿ ತೊಂದರೆಯವರು, ಬಿಪಿಗೆ ರಾಮಿಪ್ರಿಲ್, ಟೆಲ್ಮಿಸಾರ್ಟನ್ ತರಹದ ಮಾತ್ರೆ ಅಥವಾ ನೀರಿಳಿಸುವ ಮಾತ್ರೆ ನುಂಗುವವರು, ಮಂಡಿನೋವಿಗೆ ಡೈಕ್ಲೋಫೆನಾಕ್ ನುಂಗುವವರು ಇದರ ಹತ್ತಿರ ಹೋಗಬಾರದು. ಚೀಟಿ ಇಲ್ಲದೆ ಇದನ್ನು ಕೌಂಟರಿನಲ್ಲಿ ಕೊಡಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಅರಿವಳಿಕೆ ಡಾಕ್ಟರ್, ದಾವಣಗೆರೆ
‘ರಾತ್ರಿ 12ರ ನಂತರ ಏನೂ ಇಲ್ಲ’ ಎನ್ನುವ ಸಾಲು ನಮ್ಮ ವಿಭಾಗದಿಂದಲೇ ಬರುತ್ತದೆ, ಅದೇ ಎರಡನೇ ಪಾಲನ್ನು ಕೊಲ್ಲುತ್ತದೆ. ಆಪರೇಷನ್ನಿನ ಉಪವಾಸದ ನಿಯಮದಲ್ಲೂ ತಿಳಿ ದ್ರವಗಳಿಗೆ 2 ಗಂಟೆ ಮೊದಲಿನವರೆಗೆ ಅವಕಾಶವಿದೆ. ಪೆಗ್ ದ್ರಾವಣ ತಿಳಿ ದ್ರವವೇ. ಹಾಲು ಹಾಕಿದ ಚಹಾ, ಮಜ್ಜಿಗೆ, ಗಂಜಿ ತಿಳಿ ದ್ರವ ಅಲ್ಲ, ಅವಕ್ಕೆ 6 ಗಂಟೆ.

ಸಕ್ಕರೆ ಕಾಯಿಲೆಯಿಂದ ಜಠರ ನಿಧಾನವಾಗಿ ಖಾಲಿಯಾಗುವವರು, ನುಂಗಲು ಕಷ್ಟವಿರುವವರು, ಪಾರ್ಶ್ವವಾಯು ಆದವರು ಬೇರೆ ಲೆಕ್ಕ. ಅವರ ಹೆಸರನ್ನು ಮೊದಲೇ ನಮಗೆ ತಿಳಿಸಿ. ಇನ್ನೊಂದು, ಎಲೆ ಅಡಿಕೆ, ಗುಟ್ಕಾ ಹಿಂದಿನ ರಾತ್ರಿಯಿಂದಲೇ ಬಂದ್ ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಚನ್ನಗಿರಿ, ಹೊಳಲ್ಕೆರೆ ಕಡೆಯವರು ಅದನ್ನು ತಿನ್ನುವ ಪದಾರ್ಥದ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಾಯಲ್ಲಿ ಅಡಿಕೆ ಚೂರು ಉಳಿದಿದ್ದರೆ ನಿದ್ದೆಯ ಇಂಜೆಕ್ಷನ್ ಕೊಟ್ಟಾಗ ಅದು ಶ್ವಾಸನಾಳಕ್ಕೆ ಜಾರಬಹುದು.

ಡಯಟೀಷಿಯನ್, ಚಿತ್ರದುರ್ಗ
ಊಟದ ಪಟ್ಟಿಯನ್ನು ಇಂಗ್ಲಿಷ್ ಹಾಳೆಯಿಂದ ಇಳಿಸಿದರೆ ಬಿಳಿ ಬ್ರೆಡ್ಡು, ಜೆಲ್ಲಿ ಅಂತ ಬರುತ್ತದೆ. ನಮ್ಮ ಮನೆಗಳಲ್ಲಿ ಹಿಂದಿನ ದಿನ ಬೇಯುವುದು ಮುದ್ದೆ, ಜೋಳದ ರೊಟ್ಟಿ, ಸೊಪ್ಪಿನ ಸಾರು, ಹುರುಳಿಕಾಳು, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ. ಇವುಗಳ ಹೆಸರು ಹಿಡಿದೇ ಬೇಡ ಅನ್ನಬೇಕು. ಬೀಜ ಇರುವುದೆಲ್ಲ ಬೇಡ: ಟೊಮ್ಯಾಟೊ, ಬದನೆ, ಸೌತೆ, ಸೀಬೆ, ದಾಳಿಂಬೆ, ಎಳ್ಳು, ಅಗಸೆ, ಸಾಸಿವೆ ಒಗ್ಗರಣೆ ಕೂಡ. ಸ್ಕೋಪಿನ ಹೀರುವ ನಾಳ ಕೆಲವೇ ಮಿಲಿಮೀಟರ್ ಅಗಲ, ಒಂದು ಬೀಜ ಸಿಕ್ಕಿಕೊಂಡರೆ ಮುಂದೆ ಏನನ್ನೂ ಹೀರಲಾಗುವುದಿಲ್ಲ. ಮಂಡಕ್ಕಿಯಲ್ಲಿ ನಾರು ಕಡಿಮೆ, ಆದರೆ ಯಾರೂ ಬರೀ ಮಂಡಕ್ಕಿ ತಿನ್ನುವುದಿಲ್ಲ, ಈರುಳ್ಳಿ, ಶೇಂಗಾ, ಮೆಣಸಿನಕಾಯಿ ಜೊತೆಗೇ ಬರುತ್ತವೆ. ಹಾಗಾಗಿ ಬೇಡ.

ಹಿಂದಿನ ದಿನ ಬೆಳಗ್ಗೆ, ಮಧ್ಯಾಹ್ನ ತಿನ್ನಬಹುದಾದದ್ದು: ಇಡ್ಲಿ, ಚಟ್ನಿ ಇಲ್ಲದ ಖಾಲಿ ದೋಸೆ, ತರಕಾರಿ ಹಾಕದ ರವೆ ಉಪ್ಪಿಟ್ಟು, ಮೆತ್ತಗಿನ ಬಿಳಿ ಅನ್ನಕ್ಕೆ ಮೊಸರು ಅಥವಾ ಸೋಸಿದ ತಿಳಿಸಾರು, ತಿನ್ನುವವರಿಗೆ ಬೇಯಿಸಿದ ಮೊಟ್ಟೆ. ಮಧ್ಯಾಹ್ನ ಎರಡರೊಳಗೆ ಕೊನೆಯ ಊಟ. ಆಮೇಲೆ ಬರೀ ತಿಳಿ ದ್ರವ: ಸೋಸಿದ ನಿಂಬೆ ಪಾನಕ, ಗಂಜಿಯಿಲ್ಲದ ಎಳನೀರು, ಹಾಲಿಲ್ಲದ ಚಹಾ, ಓಆರ್‌ಎಸ್, ಸೋಸಿದ ತಿಳಿಸಾರು. ಕಿಡ್ನಿ ತೊಂದರೆ ಇರುವವರಿಗೆ ಎಳನೀರು ಬೇಡ, ಪೊಟ್ಯಾಸಿಯಂ ಏರುತ್ತದೆ. ಕೆಂಪು, ನೇರಳೆ ಬಣ್ಣದ ಶರಬತ್ತು, ಬೀಟ್‌ರೂಟ್, ದ್ರಾಕ್ಷಿ ರಸ ಬೇಡ, ಕರುಳಿನಲ್ಲಿ ರಕ್ತದ ಹಾಗೆ ಕಾಣುತ್ತದೆ. ರಾಗಿ ಅಂಬಲಿ ತೆಳ್ಳಗಿದ್ದರೂ ತಿಳಿ ದ್ರವ ಅಲ್ಲ. ಇದನ್ನು ಬಿಡದೆ ಬರೆಯಿರಿ.

ವಾರ್ಡ್ ನರ್ಸ್, ಚಿತ್ರದುರ್ಗ
ಮೇಡಂ, ಮೂರು ದಿನ ಬರೀ ದ್ರವದ ಮೇಲಿಟ್ಟರೆ ಇನ್ನೂ ಚೆನ್ನಾಗಿ ಆಗುವುದಿಲ್ಲವೇ? ಹಳೆಯ ಪದ್ಧತಿ ಹಾಗೇ ಇತ್ತು.

ಡಯಟೀಷಿಯನ್, ಚಿತ್ರದುರ್ಗ
ಬೇಡ. ಸಾಮಾನ್ಯ ರೋಗಿಗೆ ಒಂದು ದಿನದ ಪಥ್ಯ ಸಾಕು ಅನ್ನುವುದೇ ಈಗಿನ ಮಾರ್ಗಸೂಚಿಗಳ ಮಾತು. ಮೂರು ದಿನ ಹಸಿದವರು ಮೂರನೇ ದಿನ ಸಂಜೆ ಗುಟ್ಟಾಗಿ ಏನೋ ತಿನ್ನುತ್ತಾರೆ, ಇಲ್ಲವೇ ಸುಸ್ತಾಗಿ ಔಷಧಿ ಅರ್ಧಕ್ಕೆ ಬಿಡುತ್ತಾರೆ. ಅನ್ನ ಮೊಸರು ತಿಂದವರು 2 ಲೀಟರ್ ಪೂರ್ತಿ ಕುಡಿಯುತ್ತಾರೆ. ಹಳೆಯ ಮಲಬದ್ಧತೆ ಇದ್ದವರಿಗೆ ಮಾತ್ರ 2–3 ದಿನ ಮೊದಲಿನಿಂದ ನಾರು ಕಡಿಮೆ ಮಾಡಿ, ಆದರೆ ಊಟ ನಿಲ್ಲಿಸುವುದು ಬೇಡ.

ಫಿಸಿಷಿಯನ್, ಹಿರಿಯೂರು
ಮಾತ್ರೆಗಳ ಬಗ್ಗೆ ಯಾರೂ ಬರೆಯಲಿಲ್ಲ.

ರಕ್ತ ಕಡಿಮೆ ಇದೆ, ಕಾರಣ ಹುಡುಕಲು ಕೊಲೊನೋಸ್ಕೋಪಿ ಮಾಡಿ ಅಂತ ಕಳಿಸುತ್ತೇವೆ. ಅದೇ ಚೀಟಿಯಲ್ಲಿ ಕಬ್ಬಿಣದ ಮಾತ್ರೆಯನ್ನೂ ಬರೆಯುತ್ತೇವೆ. ರೋಗಿ ಪರೀಕ್ಷೆಯ ಹಿಂದಿನ ದಿನದವರೆಗೂ ಅದನ್ನು ನಿಷ್ಠೆಯಿಂದ ನುಂಗಿರುತ್ತಾರೆ. ಮಲ ಕಪ್ಪಾಗಿ, ಡಾಂಬರಿನಂತೆ ಅಂಟಾಗಿ ಗೋಡೆಗೆ ಹಿಡಿಯುತ್ತದೆ, ಎಷ್ಟು ನೀರು ಬಿಟ್ಟರೂ ಹೋಗುವುದಿಲ್ಲ. ಬಾಯಲ್ಲಿ ನುಂಗುವ ಕಬ್ಬಿಣವನ್ನು 5ರಿಂದ 7 ದಿನ ಮೊದಲೇ ನಿಲ್ಲಿಸಬೇಕು. ದಿನಾಂಕ ನಿಗದಿ ಮಾಡುವ ಕೌಂಟರಿನಲ್ಲೇ ‘ಕಬ್ಬಿಣದ ಮಾತ್ರೆ ಇದೆಯಾ’ ಅಂತ ಕೇಳಿಬಿಡಿ, ಹಿಂದಿನ ದಿನ ಕೇಳಿದರೆ ಪ್ರಯೋಜನವಿಲ್ಲ. ಇಸಬ್‌ಗೋಲನ್ನೂ ಆಗಲೇ ಬಿಡಿಸಿ.

ಸಕ್ಕರೆ ಕಾಯಿಲೆಯವರಲ್ಲಿ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರನ್ನು ಗುರುತಿಸಿ, 3 ದಿನ ಮೊದಲು ನಿಲ್ಲಿಸಬೇಕು. ಉಪವಾಸ, ಭೇದಿ ಎರಡೂ ಸೇರಿದಾಗ ಸಕ್ಕರೆ ಮಟ್ಟ ಹೆಚ್ಚಿರದಿದ್ದರೂ ರಕ್ತ ಆಮ್ಲವಾಗುವ ಅಪಾಯ ಈ ಮಾತ್ರೆಗಳಲ್ಲಿದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಪರೀಕ್ಷೆಯ ದಿನ ಬೆಳಗ್ಗೆ ಬೇಡ. ಇನ್ಸುಲಿನ್ ಎಷ್ಟು ತಗ್ಗಿಸಬೇಕು ಅಂತ ಅವರ ಡಾಕ್ಟರ್ ಯೂನಿಟ್ ಲೆಕ್ಕದಲ್ಲಿ ಬರೆದುಕೊಡಬೇಕು, ‘ಸ್ವಲ್ಪ ಕಡಿಮೆ’ ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಸಕ್ಕರೆ 70ಕ್ಕಿಂತ ಇಳಿದರೆ ಗ್ಲೂಕೋಸ್ ನೀರು ಕುಡಿಯಲೇಬೇಕು, ಉಪವಾಸ ಕೆಡುತ್ತದೆ ಅಂತ ಕೂರಬಾರದು. ಬಿಪಿ ಮಾತ್ರೆಗಳಲ್ಲಿ ಯಾವುದನ್ನು ನುಂಗಬೇಕು, ಯಾವುದನ್ನು ಬಿಡಬೇಕು ಎಂಬುದನ್ನೂ ಹೆಸರು ಹಿಡಿದು ಬರೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ರೋಗಿ ತಾನಾಗಿ ನಿಲ್ಲಿಸಕೂಡದು. ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಸಮುದಾಯ ಆರೋಗ್ಯ ಅಧಿಕಾರಿ, ಮೊಳಕಾಲ್ಮೂರು ತಾಲ್ಲೂಕು
ನೀವು ಹೇಳಿದ್ದೆಲ್ಲ ಊರಲ್ಲೇ ಇರುವವರಿಗೆ ಸರಿ. ಇಲ್ಲಿಂದ ದಾವಣಗೆರೆಗೆ ನೂರು ಕಿಲೋಮೀಟರ್ ಮೀರುತ್ತದೆ. ಹತ್ತು ಗಂಟೆಯ ಸರದಿ ಕೊಟ್ಟರೆ ಬೆಳಗಿನ ಲೀಟರನ್ನು ಎಲ್ಲಿ ಕುಡಿಯಬೇಕು, ಬಸ್ಸಿನಲ್ಲೇ? ಕುಡಿದ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಭೇದಿ ಶುರುವಾಗುತ್ತದೆ, ಮುಂದಿನ ಒಂದೆರಡು ಗಂಟೆ ಸಂಡಾಸ ಬಿಟ್ಟು ಏಳಲಾಗುವುದಿಲ್ಲ. ಹೆಣ್ಣುಮಕ್ಕಳು ದಾರಿಯಲ್ಲಿ ಮಾನ ಹೋಗುತ್ತದೆ ಅಂತ ಹೆದರಿ ಬೆಳಗಿನ ಪಾಲನ್ನು ಚೆಲ್ಲಿಬಿಡುತ್ತಾರೆ, ‘ಕುಡಿದೆ’ ಅಂತಲೇ ಹೇಳುತ್ತಾರೆ. ಅವರನ್ನು ಬೈದು ಏನೂ ಪ್ರಯೋಜನವಿಲ್ಲ.

ಗ್ಯಾಸ್ಟ್ರೋ ಡಾಕ್ಟರ್, ದಾವಣಗೆರೆ
ಈ ಮಾತು ಚೀಟಿಗಿಂತ ದೊಡ್ಡದು, ಸರದಿ ಪಟ್ಟಿಯನ್ನೇ ಬದಲಾಯಿಸಬೇಕು. ವಿದ್ಯಾನಗರ, ಪಿ.ಜೆ. ಬಡಾವಣೆ, ಹರಿಹರದವರಿಗೆ 9 ಮತ್ತು 10ರ ಸರದಿ. ಜಗಳೂರು, ಹೊನ್ನಾಳಿ, ಚನ್ನಗಿರಿ, ಚಿತ್ರದುರ್ಗದವರಿಗೆ 11.30ರಿಂದ ಮೇಲೆ. ಈಗ ಹೆಚ್ಚಿನ ಕಡೆ ಮೊದಲು ಫೋನ್ ಮಾಡಿದವರಿಗೆ ಮೊದಲ ಸರದಿ ಸಿಗುತ್ತದೆ, ಊರು ಯಾವುದು ಅಂತ ಯಾರೂ ಕೇಳುವುದಿಲ್ಲ.

ಜಗಳೂರಿನವರಿಗೆ 11.30 ಅಂದುಕೊಳ್ಳಿ. 5.30ಕ್ಕೆ ಎರಡನೇ ಲೀಟರ್ ಶುರು, 7ಕ್ಕೆ ಮುಗಿಯಿತು, 9ರ ಹೊತ್ತಿಗೆ ಜೋರು ಇಳಿದಿರುತ್ತದೆ, ಆಮೇಲೆ ಹೊರಟರೂ ಸಮಯವಿದೆ. ನೀರು 9.30ರವರೆಗೆ ಕುಡಿಯಬಹುದು. ಮೊಳಕಾಲ್ಮೂರು, ಹೊಸದುರ್ಗದಿಂದ ಬರುವವರು ಹಿಂದಿನ ಸಂಜೆಯೇ ಬಂದು, ಕೋಣೆಯೊಳಗೇ ಸಂಡಾಸ ಇರುವ ಲಾಡ್ಜಿನಲ್ಲೋ ನೆಂಟರ ಮನೆಯಲ್ಲೋ ಉಳಿಯುವುದು ಒಳ್ಳೆಯದು. ಅದು ಆಗದಿದ್ದರೆ ಅವರನ್ನು ಹಿಂದಿನ ದಿನ ಅಡ್ಮಿಟ್ ಮಾಡಿಕೊಳ್ಳುವ ಬಗ್ಗೆ ಯೋಚಿಸಿ. ಬಸ್ಸಿನಲ್ಲಿ ಬರಲೇಬೇಕಾದವರಿಗೆ ದೊಡ್ಡವರ ಡಯಾಪರ್ ಹಾಕಿಕೊಳ್ಳಲು ಹೇಳಿ, ಒಂದು ಜೊತೆ ಬಟ್ಟೆ ತರಲು ಹೇಳಿ. ನಾಚಿಕೆಯ ಮಾತಲ್ಲ ಅಂತ ಚೀಟಿಯಲ್ಲೇ ಬರೆದಿರಲಿ.

ವಾರ್ಡ್ ನರ್ಸ್, ಚಿತ್ರದುರ್ಗ
ಅಡ್ಮಿಟ್ ಮಾಡಿದರೆ ಚೆನ್ನಾಗಿ ಆಗುತ್ತದೆ ಅನ್ನುವ ನಂಬಿಕೆ ಬೇಡ, ಎಷ್ಟೋ ಸಲ ಇನ್ನೂ ಕೆಡುತ್ತದೆ. ಒಳರೋಗಿಗಳು ಮಲಗೇ ಇರುತ್ತಾರೆ, ಓಡಾಟ ಇಲ್ಲದಿದ್ದರೆ ಕರುಳೂ ಓಡುವುದಿಲ್ಲ. ನೋವಿನ ಇಂಜೆಕ್ಷನ್ ಟ್ರಾಮಡಾಲ್ ನಡೆಯುತ್ತಿದ್ದರೆ ಇನ್ನೂ ನಿಧಾನ. ಡ್ಯೂಟಿ ಬದಲಾಗುವಾಗ ಬಾಟಲಿ ಅರ್ಧ ಉಳಿದಿರುತ್ತದೆ, ಯಾರಿಗೂ ಗೊತ್ತಿರುವುದಿಲ್ಲ. ಮಂಚದ ಪಕ್ಕ ಒಂದು ಹಾಳೆ ನೇತುಹಾಕಿ, ಎಷ್ಟು ಗಂಟೆಗೆ ಎಷ್ಟು ಮಿ.ಲೀ. ಒಳಗೆ ಹೋಯಿತು, ಹೊರಗೆ ಬಂದದ್ದು ಯಾವ ಬಣ್ಣ ಅಂತ ಬರೆಸಬೇಕು. ಎರಡನೇ ಪಾಲು ಮುಗಿದ ಒಂದು ಗಂಟೆಗೆ ಇನ್ನೂ ಕಂದು ಇದ್ದರೆ ಆಗಲೇ ಎಂಡೋಸ್ಕೋಪಿ ಕೋಣೆಗೆ ಫೋನ್ ಮಾಡುವುದು, ಟ್ರಾಲಿ ಅಲ್ಲಿಗೆ ಹೋದ ಮೇಲಲ್ಲ.

ಕಂದು ಇದ್ದರೆ ಎನಿಮಾ ಕೊಟ್ಟು ಕಳಿಸಿ ಅನ್ನುತ್ತಾರೆ. ಅದರಿಂದ ಲಾಭ ಇದೆಯಾ ಸರ್?

ಗ್ಯಾಸ್ಟ್ರೋ ಡಾಕ್ಟರ್, ದಾವಣಗೆರೆ
ಎನಿಮಾ ತೊಳೆಯುವುದು ಕೆಳಗಿನ ಎಡಭಾಗವನ್ನು ಮಾತ್ರ, ಬಲಭಾಗಕ್ಕೆ ಮುಟ್ಟುವುದೇ ಇಲ್ಲ. ಬಾಯಲ್ಲಿ ಸರಿಯಾಗಿ ಕುಡಿದವರಿಗೆ ಅದನ್ನು ವಾಡಿಕೆಯಾಗಿ ಸೇರಿಸುವುದರಲ್ಲಿ ಅರ್ಥವಿಲ್ಲ. ಕಂದು ಇದ್ದರೆ, ಹೊಟ್ಟೆ ಉಬ್ಬರ, ವಾಂತಿ ಇಲ್ಲದಿದ್ದರೆ, ಇನ್ನೊಂದು ಲೀಟರ್ ಪೆಗ್ ಬಾಯಲ್ಲೇ ಕೊಟ್ಟು ಸರದಿಯನ್ನು ಮಧ್ಯಾಹ್ನಕ್ಕೆ ಹಾಕಿ. ಎರಡು ಗಂಟೆಯ ಅಂತರ ಮರೆಯಬೇಡಿ.

ಫಾರ್ಮಸಿಸ್ಟ್, ಹರಿಹರ
ಎರಡು ಸಣ್ಣ ವಿಷಯ. ಭೇದಿ ಮಾಡಿಸುವ ಬೈಸಕೊಡಿಲ್ 5 ಮಿ.ಗ್ರಾಂ. ಮಾತ್ರೆ ಎರಡನ್ನು ಹಿಂದಿನ ಮಧ್ಯಾಹ್ನ ಬರೆಯುತ್ತಾರೆ. ಅದನ್ನು ಹಾಲಿನ ಜೊತೆ, ಗ್ಯಾಸಿನ ಆಂಟಾಸಿಡ್ ಜೊತೆ ನುಂಗಿದರೆ ಹೊರಪದರ ಜಠರದಲ್ಲೇ ಕರಗಿ ಹೊಟ್ಟೆ ಹಿಂಡುತ್ತದೆ. ಬೇಗ ಆಗಲಿ ಅಂತ ನಾಲ್ಕು ನುಂಗುವುದೂ ಬೇಡ, ಹೆಚ್ಚಿನ ಪ್ರಮಾಣದಲ್ಲಿ ಕರುಳಿನ ರಕ್ತಸಂಚಾರಕ್ಕೇ ಪೆಟ್ಟು ಬಿದ್ದದ್ದು ದಾಖಲಾಗಿದೆ.

ನೊರೆ ಒಡೆಯುವ ಔಷಧಿ ಸಿಮೆಥಿಕೋನನ್ನು ಎರಡನೇ ಪಾಲಿನ ಜೊತೆ ಬಾಯಲ್ಲಿ ಕೊಟ್ಟರೆ ನೊರೆ ಇರುವುದಿಲ್ಲ. ಸ್ಕೋಪಿನ ನೀರಿನ ಬಾಟಲಿಗೆ ಸುರಿಯುವುದಕ್ಕಿಂತ ಇದು ವಾಸಿ, ಅಲ್ಲಿ ಹಾಕಿದ್ದು ಸ್ಕೋಪಿನ ನಾಳಗಳಲ್ಲಿ ಉಳಿದುಬಿಡುತ್ತದೆ.

ವಾರ್ಡ್ ನರ್ಸ್, ಚಿತ್ರದುರ್ಗ
ಪೆಗ್ ದುಬಾರಿ ಅಂತ ಮ್ಯಾನಿಟಾಲ್ ಬಾಟಲಿಯನ್ನೇ ಕುಡಿಸುವ ಪದ್ಧತಿ ಇನ್ನೂ ಕೆಲವು ಕಡೆ ಇದೆ.

ಗ್ಯಾಸ್ಟ್ರೋ ಡಾಕ್ಟರ್, ದಾವಣಗೆರೆ
ಕೂಡದು. ಮ್ಯಾನಿಟಾಲ್ ಸಕ್ಕರೆಯ ಜಾತಿಯದು, ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಹೈಡ್ರೋಜನ್ ಅನಿಲ ಮಾಡುತ್ತವೆ. ಪಾಲಿಪ್ (ಕರುಳಿನ ಗೋಡೆಯ ಗಂಟು) ಕತ್ತರಿಸಲು ಕರೆಂಟಿನ ತಂತಿ ಬಳಸಿದಾಗ ಆ ಅನಿಲ ಸಿಡಿದು ಸಾವಾದದ್ದು 1979ರಲ್ಲೇ ವರದಿಯಾಗಿದೆ. ಪೆಗ್ ದ್ರಾವಣಕ್ಕೆ ರುಚಿಗೆಂದು ಸಕ್ಕರೆ, ಬೆಲ್ಲ ಬೆರೆಸಬೇಡಿ ಅನ್ನುವುದರ ಹಿಂದೆಯೂ ಇದೇ ಭಯ ಇದೆ. ಮಲಬದ್ಧತೆಗೆ ಕೊಡುವ ಲ್ಯಾಕ್ಟುಲೋಸ್‌ಗೂ ಇದೇ ಮಾತು.

ಎಂಡೋಸ್ಕೋಪಿ ಸಿಸ್ಟರ್, ದಾವಣಗೆರೆ
ಇಷ್ಟನ್ನು ಸೇರಿಸಿ ಕರಡು ಹಾಕುತ್ತಿದ್ದೇನೆ. ಬೆಳಗ್ಗೆ 10ರ ಸರದಿಗೆ ಲೆಕ್ಕ ಹಾಕಿದ್ದು.

‘ಒಂದು ವಾರ ಮೊದಲು: ಕಬ್ಬಿಣದ ಮಾತ್ರೆ, ಇಸಬ್‌ಗೋಲ್ ನಿಲ್ಲಿಸಿ. ನುಂಗುವ ಎಲ್ಲ ಮಾತ್ರೆಗಳ ಹಾಳೆ ತಂದು ತೋರಿಸಿ. ಹಿಂದಿನ ದಿನ: ಇಡ್ಲಿ, ಬಿಳಿ ಅನ್ನ, ಮೊಸರು ಮಾತ್ರ. ಮುದ್ದೆ, ರೊಟ್ಟಿ, ಸೊಪ್ಪು, ಕಾಳು, ಹಣ್ಣು, ಚಟ್ನಿಪುಡಿ ಬೇಡ. ಮಧ್ಯಾಹ್ನ 2ರ ನಂತರ ಊಟ ಇಲ್ಲ, ತಿಳಿ ದ್ರವ ಎಷ್ಟಾದರೂ ಕುಡಿಯಿರಿ. ಸಂಜೆ 6: ಮೊದಲ ಬಾಟಲಿ, ಕಾಲು ಕಾಲು ಗಂಟೆಗೆ ಒಂದು ಲೋಟ, ಒಟ್ಟು ನಾಲ್ಕು ಲೋಟ. ಆಮೇಲೆ ಎರಡು ಲೋಟ ನೀರು. ಬೆಳಗಿನ ಜಾವ 5: ಎರಡನೇ ಬಾಟಲಿ, ಹಾಗೇ. 6.30ರೊಳಗೆ ಮುಗಿಸಿ. ನೀರು 8ರವರೆಗೆ ಕುಡಿಯಬಹುದು. 8ರ ನಂತರ ಏನೂ ಬೇಡ. ಎಲೆ ಅಡಿಕೆ, ಗುಟ್ಕಾ ಹಿಂದಿನ ರಾತ್ರಿಯಿಂದಲೇ ಬಂದ್. ಜೊತೆಗೆ ದೊಡ್ಡವರೊಬ್ಬರು ಬರಬೇಕು, ಆ ದಿನ ಗಾಡಿ ಓಡಿಸುವ ಹಾಗಿಲ್ಲ.’

ಫಿಸಿಷಿಯನ್, ಹಿರಿಯೂರು
ಲೋಟದ ಅಳತೆ ಬರೆಯಿರಿ. ಸ್ಟೀಲ್ ಲೋಟಗಳು ಒಂದೊಂದು ಮನೆಯಲ್ಲಿ ಒಂದೊಂದು. ಬಾಟಲಿಗೆ ಪೆನ್ನಿನಲ್ಲಿ ನಾಲ್ಕು ಗೆರೆ ಎಳೆದು, ಒಂದೊಂದು ಗೆರೆಯಷ್ಟು ಅಂದರೆ 250 ಮಿ.ಲೀ. ಆಗುತ್ತದೆ. ಓದಲು ಬಾರದವರಿಗೂ ತಿಳಿಯುತ್ತದೆ.

ಸಮುದಾಯ ಆರೋಗ್ಯ ಅಧಿಕಾರಿ, ಮೊಳಕಾಲ್ಮೂರು ತಾಲ್ಲೂಕು
ಕೊನೆಗೆ ಬರಬೇಕಾದ ಬಣ್ಣ ಯಾವುದು ಅಂತಲೂ ಬೇಕು. ‘ನೀರು ನೀರಾಗಿ ಆಯ್ತು’ ಅಂತ ಎಲ್ಲರೂ ಹೇಳುತ್ತಾರೆ, ಕಂದು ನೀರೂ ನೀರೇ. ತಿಳಿ ಹಳದಿ, ಮೂತ್ರದ ಬಣ್ಣ, ಕೆಳಗಿನ ಬಿಳಿ ಕಾಣುವಷ್ಟು ತಿಳಿ, ಹೀಗೆ ಬರೆಯಿರಿ. ನಾಲ್ಕು ಬಣ್ಣದ ಚಿತ್ರ ಅಚ್ಚು ಹಾಕಿಸಿದರೆ ಇನ್ನೂ ಒಳ್ಳೆಯದು. ಬೆಳಗ್ಗೆ ಏಳಕ್ಕೆ ವಾಟ್ಸಾಪಿನಲ್ಲಿ ಫೋಟೋ ಕಳಿಸಲು ಒಂದು ನಂಬರ್ ಇದ್ದರೆ ಊರಿನಿಂದ ಹೊರಡುವ ಮೊದಲೇ ತೀರ್ಮಾನ ಆಗುತ್ತದೆ. ಹಿಂದಿನ ಸಂಜೆ ಐದಕ್ಕೆ ಆಸ್ಪತ್ರೆಯಿಂದ ಒಂದು ಫೋನ್ ಹೋದರೂ ಸಾಕು, ಪುಡಿ ಕಲಸಿದರೋ ಇಲ್ಲವೋ ಗೊತ್ತಾಗುತ್ತದೆ.

ಅರಿವಳಿಕೆ ಡಾಕ್ಟರ್, ದಾವಣಗೆರೆ
ವಾಂತಿಯ ಸಾಲು ಸೇರಿಸಿ. ಓಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ಅರ್ಧರ್ಧ ಗಂಟೆಗೆ ಒಂದು ಗೆರೆಯಂತೆ ಮುಂದುವರಿಸಿ. ತಣ್ಣಗೆ ಮಾಡಿ ಕುಡಿದರೆ, ನಡುವೆ ನಿಂಬೆ ಹೋಳು ಚೀಪಿದರೆ ಹೋಗುತ್ತದೆ. ಹೊಟ್ಟೆ ಉಬ್ಬಿ ಬಿಗಿಯಾಗಿ, ಜೋರು ನೋವು, ವಾಂತಿ ಇದ್ದು, ಕೆಳಗೆ ಏನೂ ಹೋಗದಿದ್ದರೆ ಔಷಧಿ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಬರಬೇಕು. ಕರುಳು ಎಲ್ಲೋ ಕಟ್ಟಿಕೊಂಡಿರಬಹುದು, ಅಲ್ಲಿಗೆ ಮೇಲಿಂದ ಮೇಲೆ ನೀರು ಸುರಿಯುವುದು ಅಪಾಯ.

ಗ್ಯಾಸ್ಟ್ರೋ ಡಾಕ್ಟರ್, ದಾವಣಗೆರೆ
ಚೀಟಿ ಬದಲಾಯಿಸಿದ ಮೇಲೆ ಫಲ ಸಿಕ್ಕಿತೋ ಇಲ್ಲವೋ ಅಳೆಯಲು ಕರುಳು ಎಷ್ಟು ಸ್ವಚ್ಛವಿತ್ತು ಅಂತ ಹೇಳುವ ಬೋಸ್ಟನ್ ಅಂಕ ಬರೆದಿಡಿ. ಬಲ, ನಡು, ಎಡ, ಮೂರು ಭಾಗಕ್ಕೂ 0ಯಿಂದ (ಕೊಳೆ) 3ರವರೆಗೆ (ಪೂರ್ತಿ ಸ್ವಚ್ಛ), ಒಟ್ಟು 9ಕ್ಕೆ. ತೊಳೆದು ಹೀರಿದ ಮೇಲೆ, ಸ್ಕೋಪ್ ಹೊರಗೆ ತೆಗೆಯುತ್ತಾ ಕೊಡಬೇಕಾದ ಅಂಕ ಅದು. ಮೂರೂ ಭಾಗದಲ್ಲಿ ಕನಿಷ್ಠ 2 ಬಂದರೆ ಮಾತ್ರ ಸಾಕಷ್ಟು ಸ್ವಚ್ಛ. ಒಟ್ಟು 7 ಬಂದು ಬಲಭಾಗ 1 ಇದ್ದರೆ ಅದು ಪಾಸ್ ಅಲ್ಲ. ನೂರಕ್ಕೆ 90 ಮಂದಿಯಾದರೂ ಪಾಸ್ ಆಗಬೇಕು ಅನ್ನುವುದು ಗುರಿ. ಫೇಲ್ ಆದವರ ಹೆಸರಿನ ಮುಂದೆ ಊರು, ಸರದಿಯ ಗಂಟೆ, ಎರಡನೇ ಪಾಲು ಮುಗಿಸಿದ ಗಂಟೆ ಬರೆದರೆ ತಪ್ಪು ಎಲ್ಲಿದೆ ಅಂತ ಕಾಣುತ್ತದೆ. ಅವರಿಗೆ ವರ್ಷದೊಳಗೆ ಮತ್ತೆ ಪರೀಕ್ಷೆ ಬೇಕು, ರಕ್ತ ಹೋಗುತ್ತಿರುವವರಿಗೆ ಇನ್ನೂ ಬೇಗ. ಮುಂದಿನ ಸಲ 4 ಲೀಟರ್ ಎರಡು ಪಾಲು ಮಾಡಿ ಕೊಡಿ, ಅದೇ 2 ಲೀಟರನ್ನೇ ಮತ್ತೆ ಬರೆಯಬೇಡಿ.

ಎಂಡೋಸ್ಕೋಪಿ ಸಿಸ್ಟರ್, ದಾವಣಗೆರೆ
ಗೆರೆ, ಬಣ್ಣ, ವಾಂತಿ, ಮೂರನ್ನೂ ಸೇರಿಸುತ್ತೇನೆ. ಫ್ರಿಜ್ ಇಲ್ಲದ ಮನೆಯಲ್ಲಿ ಎರಡನೇ ಬಾಟಲಿಯನ್ನು ರಾತ್ರಿಯಿಡೀ ಹೊರಗಿಟ್ಟರೆ ಏನಾದರೂ ಆಗುತ್ತದೆಯೇ?

ಫಾರ್ಮಸಿಸ್ಟ್, ಹರಿಹರ
ಮುಚ್ಚಳ ಬಿಗಿ ಮಾಡಿ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಟ್ಟರೆ ಬೆಳಗಿನವರೆಗೆ ತೊಂದರೆಯಿಲ್ಲ, ತಣ್ಣಗೂ ಇರುತ್ತದೆ. ಕುಡಿಯುವ ಮೊದಲು ಒಮ್ಮೆ ಅಲುಗಾಡಿಸಿ. ಎರಡನೇ ಪಾಲು ಕುಡಿದ ಮೇಲೂ ಉಳಿದದ್ದನ್ನು ಚೆಲ್ಲಿಬಿಡಿ, ಇನ್ನೊಬ್ಬರಿಗೆ ಎತ್ತಿಡಬೇಡಿ.